ನಡುವಿನ ಖಾಲಿ ಸೀಟಿನ ಬೆಲೆ

ಬೆಂಗಳೂರಿನಿಂದ ಫ್ರಾಂಕ್‌ಫರ್ಟ್ ಮೇಲೆ ಹಾದು ಲಿಸ್ಬನ್‌ಗೆ ಹೋಗುವ ಒಂದು ಬಿಸಿನೆಸ್ ಕ್ಲಾಸ್ ಟಿಕೆಟ್ ತೆಗೆದುಕೊಳ್ಳಿ. ಮೊದಲ ಹತ್ತು ಗಂಟೆ ಕಾಲು ಚಾಚಿ ಮಲಗುವ ಹಾಸಿಗೆ, ದಪ್ಪ ಹೊದಿಕೆ, ಪಿಂಗಾಣಿ ತಟ್ಟೆಯಲ್ಲಿ ಊಟ. ಫ್ರಾಂಕ್‌ಫರ್ಟ್‌ನಲ್ಲಿ ಇಳಿದು ಮುಂದಿನ ವಿಮಾನ ಹತ್ತಿದರೆ, ಅದೇ ಟಿಕೆಟ್ಟಿಗೆ ಸಿಗುವುದು ಎಕಾನಮಿಯ ಸೀಟು. ಎಕಾನಮಿಯಂಥ ಸೀಟು ಅಂತಲ್ಲ, ಎಕಾನಮಿಯದೇ ಸೀಟು. ಅದೇ ಅಗಲ, ಮೊಣಕಾಲಿಗೆ ಅಷ್ಟೇ ಜಾಗ. ಮೂರು ಸೀಟುಗಳಲ್ಲಿ ನಡುವಿನದನ್ನು ಖಾಲಿ ಬಿಟ್ಟಿರುತ್ತಾರೆ, ವ್ಯತ್ಯಾಸ ಅಷ್ಟೇ. ಮೊದಲ ಸಲ ನೋಡಿದವರು ಜೇಬಿನಿಂದ ಬೋರ್ಡಿಂಗ್ ಪಾಸ್ ತೆಗೆದು ಇನ್ನೊಮ್ಮೆ ಓದುವುದುಂಟು. ಅಂಬಾರಿ ಸ್ಲೀಪರ್‌ಗೆ ದುಡ್ಡು ಕೊಟ್ಟು ಕೊನೆಯ ಹಂತಕ್ಕೆ ಕೆಂಪು ಬಸ್ಸು ಹತ್ತಿಸಿದ ಹಾಗೆ ಅನ್ನಿಸಿದರೆ ಅವರ ತಪ್ಪೇನಿಲ್ಲ.

ಮೋಸ ಅಂದುಬಿಡುವುದು ಸುಲಭ. ಆದರೆ ಲುಫ್ತಾನ್ಸಾ, ಏರ್ ಫ್ರಾನ್ಸ್, ಕೆಎಲ್‌ಎಂ, ಬ್ರಿಟಿಷ್ ಏರ್‌ವೇಸ್, ಸ್ವಿಸ್, ಎಲ್ಲರೂ ಯುರೋಪಿನೊಳಗೆ ದಶಕಗಳಿಂದ ಇದನ್ನೇ ಮಾಡುತ್ತ ಬಂದಿದ್ದಾರೆ, ಜನ ಕೊಳ್ಳುತ್ತಲೂ ಇದ್ದಾರೆ. ಹಾಗಾದರೆ ಆ ಖಾಲಿ ಸೀಟಿಗೆ ಯಾರು, ಯಾಕೆ, ಎಷ್ಟು ಕೊಡುತ್ತಿದ್ದಾರೆ? ಇದನ್ನು ಬಿಡಿಸಿ ನೋಡದೆ ಯುರೋಪಿನ ಏರ್‌ಲೈನಿನ ಬಿಸಿನೆಸ್ ಟಿಕೆಟ್ ಕೊಂಡರೆ ದುಡ್ಡು ತಪ್ಪು ಜಾಗದಲ್ಲಿ ಸುರಿದುಹೋಗುತ್ತದೆ.

ಪರದೆ ಎಲ್ಲಿಗೆ ಬರುತ್ತದೆ

ಪ್ರಯಾಣಿಕರು ವಿಮಾನ ಬದಲಿಸುವ ದೊಡ್ಡ ನಿಲ್ದಾಣದಲ್ಲಿ, ಅಂದರೆ ಹಬ್‌ನಲ್ಲಿ, ಸಾಲಿಗೆ ಆರು ಸೀಟಿನ ಎ320 ವಿಮಾನದ ಹಿಂದಿನ ಪ್ರಯಾಣಿಕರು ಇಳಿದು, ಮುಂದಿನವರು ಹತ್ತುವ ಮುಂಚಿನ ಕೆಲವು ನಿಮಿಷ ಗಮನಿಸಿ. ಕ್ಯಾಬಿನ್ ಸಿಬ್ಬಂದಿಯ ಕೈಯಲ್ಲಿ ಆ ಹಾರಾಟದ ಬಿಸಿನೆಸ್ ಪಟ್ಟಿ ಇರುತ್ತದೆ. ಲಗೇಜು ಗೂಡುಗಳ ಕೆಳಗಿನ ಹಳಿಯಲ್ಲಿ ನೇತುಬಿದ್ದ ಪರದೆಯನ್ನು ಹಿಡಿದು, ನಾಲ್ಕನೇ ಸಾಲಿನ ಹಿಂದೆ ಇದ್ದದ್ದನ್ನು ಒಂಬತ್ತನೇ ಸಾಲಿನ ಹಿಂದಕ್ಕೆ ಒಯ್ದು ಸಿಕ್ಕಿಸುತ್ತಾರೆ. ತಲೆದಿಂಬಿನ ಬಟ್ಟೆ ಬದಲಾಗುತ್ತದೆ. ನಡುವಿನ ಬಿ ಮತ್ತು ಇ ಸೀಟುಗಳು ಮಾರಾಟದಿಂದ ಮೊದಲೇ ಹೊರಗೆ. ಐದು ಸಾಲು ಎಕಾನಮಿ ಎರಡೇ ನಿಮಿಷದಲ್ಲಿ ಬಿಸಿನೆಸ್ ಆಯಿತು. ಬೆಳಗಿನ ಆರೂವರೆಯ ಬ್ರಸೆಲ್ಸ್ ಹಾರಾಟಕ್ಕೆ ಕಚೇರಿಯವರು ತುಂಬಿರುತ್ತಾರೆ, ಪರದೆ ಹಿಂದಕ್ಕೆ. ಮಧ್ಯಾಹ್ನ ಅದೇ ವಿಮಾನ ಸ್ಪೇನಿನ ಮಯೋರ್ಕಾ ದ್ವೀಪಕ್ಕೆ ರಜೆಯ ಕುಟುಂಬಗಳನ್ನು ಹೊತ್ತು ಹೊರಟಾಗ ಪರದೆ ಎರಡನೇ ಸಾಲಿಗೆ ಬಂದು ನಿಂತಿರುತ್ತದೆ. ಅಮೆರಿಕದ ದೇಶೀಯ ವಿಮಾನಗಳ ಫಸ್ಟ್ ಕ್ಲಾಸಿನ ಹಾಗೆ ಎರಡೆರಡು ಅಗಲ ಸೀಟುಗಳನ್ನು ನೆಲಕ್ಕೆ ಕಚ್ಚಿಸಿಬಿಟ್ಟಿದ್ದರೆ ಮಧ್ಯಾಹ್ನ ಆ ಜಾಗವೆಲ್ಲ ವ್ಯರ್ಥ. ದಿನಕ್ಕೆ ನಾಲ್ಕಾರು ಸಲ ಹಾರುವ ವಿಮಾನದಲ್ಲಿ ಈ ಲೆಕ್ಕ ಚಿಕ್ಕದಲ್ಲ.

ಹಿಂದೆ ಇದಕ್ಕಿಂತ ಪ್ರಾಮಾಣಿಕವಾದ ಏರ್ಪಾಡೂ ಇತ್ತು. ಒಂದು ಹಿಡಿಕೆ ಎಳೆದರೆ ನಡುವಿನ ಸೀಟು ಕುಗ್ಗಿ ಅಕ್ಕಪಕ್ಕದವು ಒಂದಿಷ್ಟು ಅಗಲವಾಗುವ ಸೀಟುಗಳು. ಅವು ಭಾರ, ಕೆಡುತ್ತಲೂ ಇದ್ದವು. ತೆಳು ಬೆನ್ನಿನ ಹಗುರ ಸೀಟುಗಳು ಬಂದಮೇಲೆ ಅವು ಮೂಲೆ ಸೇರಿದವು. ಈಗಿನ ಹಲವು ವಿಮಾನಗಳಲ್ಲಿ ಸಾಲಿನಿಂದ ಸಾಲಿಗೆ 30 ಇಂಚು ಅಥವಾ ಅದಕ್ಕೂ ಒಂದು ಕಡಿಮೆ, ಪರದೆಯ ಎರಡೂ ಕಡೆ.

ಈ ಪರದೆಯನ್ನು ಗಂಭೀರವಾಗಿ ತೆಗೆದುಕೊಳ್ಳುವವರೆಂದರೆ ತೆರಿಗೆ ಇಲಾಖೆಯವರು. ಬ್ರಿಟನ್ನಿನಿಂದ ಹೊರಡುವ ಪ್ರತಿ ಪ್ರಯಾಣಿಕರ ಮೇಲೆ ಏರ್ ಪ್ಯಾಸೆಂಜರ್ ಡ್ಯೂಟಿ ಇದೆ. 2025ರ ಏಪ್ರಿಲ್‌ನಿಂದ ಒಂದು ವರ್ಷ ಹತ್ತಿರದ ದೇಶಗಳಿಗೆ ಎಕಾನಮಿಯಲ್ಲಿ 13 ಪೌಂಡ್ ಇದ್ದರೆ ಅದರ ಮೇಲಿನ ದರ್ಜೆಗೆ 28. ಭಾರತದಷ್ಟು ದೂರಕ್ಕೆ 90 ಮತ್ತು 216. ಫ್ರಾನ್ಸ್ 2025ರ ಮಾರ್ಚ್‌ನಲ್ಲಿ ತನ್ನ ಟಿಕೆಟ್ ತೆರಿಗೆ ಏರಿಸಿದಾಗ ಯುರೋಪಿನೊಳಗಿನ ಎಕಾನಮಿಗೆ 7.40 ಯೂರೊ, ಬಿಸಿನೆಸ್‌ಗೆ 30 ಯೂರೊ ಅಂತ ನಿಗದಿ ಮಾಡಿತು. ಸೀಟು ಒಂದೇ ಇರಬಹುದು, ತೆರಿಗೆ ಮಾತ್ರ ನಾಲ್ಕು ಪಟ್ಟು. ನಮ್ಮಲ್ಲೂ 2025ರ ಸೆಪ್ಟೆಂಬರ್ 22ರಿಂದ ಬಿಸಿನೆಸ್ ಟಿಕೆಟ್ಟಿನ ಜಿಎಸ್‌ಟಿ ಶೇ. 12ರಿಂದ 18ಕ್ಕೆ ಏರಿದೆ, ಎಕಾನಮಿಗೆ ಶೇ. 5.

ಹಾಗಿದ್ದರೆ ಬಿಡಿಯಾಗಿ ಕೊಂಡ ಯುರೋಪಿನೊಳಗಿನ ಬಿಸಿನೆಸ್ ಟಿಕೆಟ್ಟಿನಲ್ಲಿ ಸಿಗುವುದೇನು? ಲೌಂಜ್, ಭದ್ರತಾ ತಪಾಸಣೆಯಲ್ಲಿ ಬೇರೆ ಸಾಲು, ಸಾಮಾನ್ಯವಾಗಿ 32 ಕಿಲೋದ ಎರಡು ಪೆಟ್ಟಿಗೆ, ಬಿಸಿ ಊಟ, ಭುಜ ತಾಗದ ನೆಮ್ಮದಿ. ಒಂದು ಗಂಟೆಯ ಹಾರಾಟದಲ್ಲಿ ಊಟಕ್ಕೆ ಸಿಗುವುದು ಹೆಚ್ಚೆಂದರೆ ಇಪ್ಪತ್ತೈದು ನಿಮಿಷ, ತುತ್ತು ನುಂಗುವ ಮುಂಚೆ ತಟ್ಟೆ ಎತ್ತುತ್ತಾರೆ. ವಿಮಾನ ದೂರದಲ್ಲಿ ನಿಂತಿದ್ದರೆ ಬಸ್ಸಿನಲ್ಲಿ ಎಲ್ಲರೂ ಒಂದೇ; ಮೊದಲು ಹತ್ತಿದವರು ಒಳಗೆ ಸಿಕ್ಕಿಕೊಂಡು ಕೊನೆಗೆ ಇಳಿಯುತ್ತಾರೆ. ಫ್ರಾಂಕ್‌ಫರ್ಟ್‌ನಿಂದ ಕೆನರಿ ದ್ವೀಪಗಳಿಗೆ, ಲಿಸ್ಬನ್ನಿನಿಂದ ಹೆಲ್ಸಿಂಕಿಗೆ ನಾಲ್ಕೂವರೆ ಗಂಟೆ ದಾಟುವ ಹಾರಾಟಗಳೂ ಇದೇ ಸೀಟಿನಲ್ಲಿ. ಅಷ್ಟು ಹೊತ್ತಿಗೆ ನಡುವಿನ ಸೀಟು ಖಾಲಿ ಇದ್ದರೂ ಬೆನ್ನು ದೂರು ಹೇಳತೊಡಗುತ್ತದೆ. ಇದಕ್ಕೆ ಅಪವಾದಗಳಿವೆ. ಟರ್ಕಿಶ್ ಏರ್‌ಲೈನ್ಸ್ ಚಿಕ್ಕ ವಿಮಾನಗಳಲ್ಲೂ ಎರಡೆರಡರ ಅಗಲ ಸೀಟು ಇಟ್ಟಿದೆ. ಫಿನ್‌ಏರ್ ಹೆಲ್ಸಿಂಕಿ-ಲಂಡನ್ ನಡುವೆ ದೊಡ್ಡ ಎ350 ಹಾರಿಸುವುದುಂಟು, ಆಗ ಮೂರು ಗಂಟೆಗೂ ಹಾಸಿಗೆ. ಬುಕ್ ಮಾಡುವಾಗ ವಿಮಾನದ ಮಾದರಿ ನೋಡಬೇಕಾದದ್ದು ಇದಕ್ಕೇ.

ಚಿಕ್ಕ ವಿಮಾನದಲ್ಲಿ ಸೀಟು ಆರಿಸುವಾಗ ಒಂದು ಮಾತು. ಮೊದಲ ಸಾಲು ನೋಡಲು ಆಕರ್ಷಕ, ಆದರೆ ಎದುರಿಗೆ ಗೋಡೆ, ಚೀಲವನ್ನು ಕಾಲಬುಡದಲ್ಲಿ ಇಡುವಂತಿಲ್ಲ, ಊಟದ ಹಲಗೆ ಸೀಟಿನ ತೋಳಿನೊಳಗೆ ಮಡಚಿಟ್ಟಿರುವುದರಿಂದ ಆ ತೋಳು ಮೇಲೆತ್ತಲು ಬರುವುದಿಲ್ಲ. ಎರಡನೇ ಸಾಲಿನಿಂದ ಹಿಂದೆ ನಡುವಿನ ತೋಳುಗಳು ಸಾಮಾನ್ಯವಾಗಿ ಮೇಲೇಳುತ್ತವೆ. ಆಗಲೇ ಖಾಲಿ ಸೀಟಿನ ನಿಜವಾದ ಉಪಯೋಗ. ಮೊಣಕಾಲು ನೋವಿನ ಹಿರಿಯರಿದ್ದರೆ, ನಡೆದಾಡುವ ದಾರಿಯ ಬದಿಯ ತೋಳಿನ ಕೆಳಗೆ ಬುಡದಲ್ಲಿ ಎಷ್ಟೋ ಸೀಟುಗಳಿಗೆ ಒಂದು ಗುಪ್ತ ಗುಂಡಿ ಇರುತ್ತದೆ, ಅದನ್ನು ಒತ್ತಿದರೆ ಆ ತೋಳೂ ಏಳುತ್ತದೆ.

ಹಾಸಿಗೆಗಳೆಲ್ಲ ಒಂದೇ ಅಲ್ಲ

ದೂರದ ಹಾರಾಟದ ಕಥೆ ಬೇರೆ. ಬಿಸಿನೆಸ್‌ನಲ್ಲಿ ಪೂರ್ತಿ ಚಪ್ಪಟೆ ಹಾಸಿಗೆಯನ್ನು 2000ದಲ್ಲಿ ಮೊದಲು ತಂದದ್ದು ಬ್ರಿಟಿಷ್ ಏರ್‌ವೇಸ್. ಕಿಟಕಿಯವರು ಹಿಂದಕ್ಕೆ ಮುಖ, ದಾರಿಯವರು ಮುಂದಕ್ಕೆ ಮುಖ, ನಡುವೆ ಏರಿಸಿ ಇಳಿಸುವ ಒಂದು ತೆರೆ. ಟೇಕಾಫ್ ಹೊತ್ತಿನಲ್ಲಿ ಆ ತೆರೆ ಇಳಿಸಿರಬೇಕು, ಹಾಗಾಗಿ ಅಪರಿಚಿತರೊಬ್ಬರ ಕಣ್ಣಲ್ಲಿ ಕಣ್ಣಿಟ್ಟು ಕೂರುವುದು ಅನಿವಾರ್ಯ. ರಾತ್ರಿ ಕಿಟಕಿಯವರು ಶೌಚಾಲಯಕ್ಕೆ ಹೋಗಬೇಕೆಂದರೆ ಮಲಗಿರುವವರ ಕಾಲು ದಾಟಬೇಕು. ಬೋಯಿಂಗ್ 777 ವಿಮಾನದಲ್ಲಿ ಒಂದು ಸಾಲಿಗೆ ಎಂಟು ಜನ. 2019ರಲ್ಲಿ ಎ350 ಜೊತೆ ಬಂದ ಕ್ಲಬ್ ಸೂಟ್ ಇದನ್ನೆಲ್ಲ ಬದಲಿಸಿತು: ಸಾಲಿಗೆ ನಾಲ್ವರು, ಪ್ರತಿಯೊಬ್ಬರಿಗೂ ನೇರ ದಾರಿ, ಒಂದು ಬಾಗಿಲು. ಹಳೆಯ ವಿಮಾನಗಳಿಗೆ ಅದನ್ನು ಒಂದೊಂದಾಗಿ ಹಾಕುತ್ತ ಬಂದಿದ್ದಾರೆ. ಅಂದರೆ ಒಂದೇ ದರ, ಒಂದೇ ಏರ್‌ಲೈನ್, ಆದರೂ ಯಾವ ವಿಮಾನ ಬರುತ್ತದೆ ಎಂಬುದರ ಮೇಲೆ ನಿಮ್ಮ ರಾತ್ರಿ ನಿಂತಿದೆ.

ಲುಫ್ತಾನ್ಸಾದ್ದೂ ಇದೇ ಪಾಡು. 2012ರಲ್ಲಿ 747-8 ಜೊತೆ ಬಂದ ಅವರ ಸೀಟುಗಳು ಜೋಡಿ ಜೋಡಿ, ತಲೆ ದೂರ, ಕಾಲು ಹತ್ತಿರ. ಗಂಡ ಹೆಂಡತಿಗೆ ತೊಂದರೆಯಿಲ್ಲ, ಒಂಟಿಯಾಗಿ ಹೋಗುವವರಿಗೆ ಪಕ್ಕದವರ ಪಾದಗಳ ಜೊತೆ ಇಡೀ ರಾತ್ರಿಯ ಸಹವಾಸ. ಹೊಸ ಅಲೆಗ್ರಿಸ್ ಕ್ಯಾಬಿನ್ 2024ರ ಮೇ ತಿಂಗಳಲ್ಲಿ ಮ್ಯೂನಿಕ್‌ನ ಎ350ಗಳಲ್ಲಿ ಹಾರತೊಡಗಿತು, ಮ್ಯೂನಿಕ್-ಬೆಂಗಳೂರು ದಾರಿಗೂ ಬಂತು. ಅದರಲ್ಲಿ ಒಂದೇ ಬಿಸಿನೆಸ್ ಕ್ಲಾಸಿನೊಳಗೆ ಹಲವು ಬಗೆಯ ಸೀಟುಗಳು: ಮುಂದಿನ ಸಾಲಿನಲ್ಲಿ ಬಾಗಿಲಿನ ಸೂಟ್, ಉದ್ದ ಹಾಸಿಗೆಯದೊಂದು, ಹೆಚ್ಚು ಜಾಗದ್ದೊಂದು, ಕಿಟಕಿಗೆ ಒತ್ತಿಕೊಂಡ ಏಕಾಂತದ್ದೊಂದು, ಇವು ಯಾವುವೂ ಅಲ್ಲದ ಸಾದಾ ಸೀಟೊಂದು. ಒಳ್ಳೆಯವಕ್ಕೆ ಮತ್ತೆ ಬೇರೆ ದುಡ್ಡು. ಬಿಸಿನೆಸ್ ಕೊಂಡ ಮೇಲೂ ಬಿಸಿನೆಸ್‌ನೊಳಗೆ ಮೇಲೆ ಕೆಳಗೆ ಎಂದು ವಿಂಗಡಿಸುವ ಈ ಚಾಳಿ ನನಗೆ ಹಿಡಿಸಿಲ್ಲ, ಆದರೆ ಹಬ್ಬುತ್ತಿದೆ. ಸ್ವಿಸ್‌ನಲ್ಲಿ ಎರಡೂ ಬದಿ ಮೇಜಿರುವ ಒಂಟಿ ಸೀಟಿಗೆ ಬೇರೆ ದರ; ಬ್ರಿಟಿಷ್ ಏರ್‌ವೇಸ್‌ನಲ್ಲಿ ಅಗ್ಗದ ಬಿಸಿನೆಸ್ ದರಕ್ಕೆ ಹೊರಡುವ 24 ಗಂಟೆಗೆ ಮುಂಚೆ ಸೀಟು ಆರಿಸಬೇಕೆಂದರೆ ಶುಲ್ಕ. ಫಿನ್‌ಏರ್‌ನ ಬಿಸಿನೆಸ್ ಲೈಟ್ ದರದಲ್ಲಿ ಲೌಂಜೂ ಇಲ್ಲ, ಚೆಕ್-ಇನ್ ಪೆಟ್ಟಿಗೆಯೂ ಇಲ್ಲ.

ಸೀಟಿನ ನಕ್ಷೆ ಓದುವಾಗ ನೋಡಬೇಕಾದದ್ದು ಬಾಗಿಲಲ್ಲ, ಕಾಲು ತೂರಿಸುವ ಗೂಡು. ಮುಂದಿನವರ ಮೇಜಿನಡಿ ಕಾಲಿಡುವ ವಿನ್ಯಾಸದಲ್ಲಿ ಆ ಗೂಡು ಪೆಟ್ಟಿಗೆಯಷ್ಟು ಇಕ್ಕಟ್ಟು. ಮಗ್ಗುಲು ಬದಲಾಯಿಸಿದರೆ ಪಾದ ಹಲಗೆಗೆ ಬಡಿಯುತ್ತದೆ. ಮುಂದೆ ಗೋಡೆಯಿರುವ ಸಾಲಿನಲ್ಲಿ ಅದೇ ಗೂಡು ಎಷ್ಟೋ ಅಗಲ. ಸಾಲು ಬಿಟ್ಟು ಸಾಲು ಸೀಟು ಸರಿದಿರುವ ವಿಮಾನದಲ್ಲಿ, ದಾರಿಯ ಕಡೆಗೆ ಮೇಜು, ಕಿಟಕಿಯ ಕಡೆಗೆ ಸೀಟು ಇರುವ ಸಾಲನ್ನೇ ಆರಿಸಿ. ಇಲ್ಲದಿದ್ದರೆ ಹಾದುಹೋಗುವ ಪ್ರತಿ ಟ್ರಾಲಿಯೂ ಮೊಣಕೈ ಮಾತಾಡಿಸುತ್ತದೆ. ವರ್ಜಿನ್ ಅಟ್ಲಾಂಟಿಕ್‌ನ 787ನಲ್ಲಿ ಸೀಟು ಹಿಂದಕ್ಕೆ ಬಾಗಿ ಹಾಸಿಗೆಯಾಗುವುದಿಲ್ಲ. ಎದ್ದು ನಿಂತು, ಬೆನ್ನನ್ನು ಮುಂದಕ್ಕೆ ಮಗುಚಿ ಹಾಕಬೇಕು. ಫಿನ್‌ಏರ್‌ನ ಹೊಸದರಲ್ಲಿ ಬೆನ್ನು ಬಾಗುವುದೇ ಇಲ್ಲ, ಸೋಫಾದಂಥ ಗಟ್ಟಿ ಕವಚ. ಕಾಲಿನ ಕಡೆಯ ಹಲಗೆ ಎತ್ತಿ ಜಾಗ ತುಂಬಿಸಿಕೊಳ್ಳಬೇಕು. ವಯಸ್ಸಾದ ಅಪ್ಪ ಅಮ್ಮನನ್ನು ಒಬ್ಬರೇ ಕಳಿಸುವವರು ಇಂಥವನ್ನು ಮೊದಲೇ ತಿಳಿದು ಹೇಳಿಕೊಡುವುದು ವಾಸಿ. ಪೂರ್ತಿ ಚಪ್ಪಟೆ ಹಾಸಿಗೆ ನೆಲಕ್ಕೆ ಹತ್ತಿರ ಇರುತ್ತದೆ, ಮೊಣಕಾಲು ಸರಿಯಿಲ್ಲದವರಿಗೆ ಅದರಿಂದ ಏಳುವುದೇ ಸಾಹಸ. ಏಳುವ ಮುಂಚೆ ಗುಂಡಿ ಒತ್ತಿ ಅರ್ಧ ಕೂರುವ ಸ್ಥಿತಿಗೆ ತಂದುಕೊಳ್ಳಬೇಕು.

ಹೋಗುವ ರಾತ್ರಿ, ಬರುವ ಹಗಲು

ನಮ್ಮ ಊರಿನವರಿಗೆ ಮುಖ್ಯವಾದ ಸಂಗತಿಯೊಂದು ದರಪಟ್ಟಿಯಲ್ಲಿ ಕಾಣುವುದಿಲ್ಲ. ಬೆಂಗಳೂರಿನಿಂದ ಫ್ರಾಂಕ್‌ಫರ್ಟ್, ಪ್ಯಾರಿಸ್, ಆಮ್‌ಸ್ಟರ್‌ಡ್ಯಾಮ್ ಕಡೆಗೆ ಹೋಗುವವು ಹೆಚ್ಚಾಗಿ ನಡುರಾತ್ರಿ ಕಳೆದ ಮೇಲೆ ಹೊರಟು ಬೆಳಿಗ್ಗೆ ಅಲ್ಲಿ ಇಳಿಯುತ್ತವೆ. ಬರುವಾಗ ಅಲ್ಲಿ ಬೆಳಿಗ್ಗೆಯೋ ಮಧ್ಯಾಹ್ನವೋ ಹೊರಟು ಇಲ್ಲಿ ನಡುರಾತ್ರಿಯ ಆಸುಪಾಸಿಗೆ. ಹೋಗುವಾಗ ಹಾಸಿಗೆ ಬೇಕೇ ಬೇಕು. ಬರುವಾಗ ಯುರೋಪಿನ ಗಡಿಯಾರದಲ್ಲಿ ಅದು ಹಗಲು, ದೇಹ ಮಲಗಲು ಒಪ್ಪುವುದಿಲ್ಲ. ಅದೇ ಬೆಲೆಯ ಹಾಸಿಗೆಯ ಮೇಲೆ ಕೂತು ಸಿನಿಮಾ ನೋಡಿ ಮುಗಿಸುತ್ತೀರಿ. ಬಜೆಟ್ಟು ಬಿಗಿಯಿದ್ದರೆ ಹೋಗುವುದು ಬಿಸಿನೆಸ್, ಬರುವುದು ಪ್ರೀಮಿಯಂ ಎಕಾನಮಿ (ಎಕಾನಮಿಗಿಂತ ಒಂದಿಷ್ಟು ಹೆಚ್ಚು ಜಾಗ, ಹಾಸಿಗೆಯಿಲ್ಲ) ಅಂತ ಹುಡುಕಿ ನೋಡಿ. ಎರಡು ಬಿಡಿ ಟಿಕೆಟ್ ಬೇಡ, ಈ ಏರ್‌ಲೈನ್‌ಗಳಲ್ಲಿ ಒಂದು ಕಡೆಯ ಬಿಸಿನೆಸ್ ದರ ಎಷ್ಟೋ ಸಲ ವಿಪರೀತ. ಒಂದೇ ಟಿಕೆಟ್ಟಿನಲ್ಲಿ, ಮಲ್ಟಿ-ಸಿಟಿ ಹುಡುಕಾಟದಲ್ಲಿ, ಪ್ರತಿ ದಿಕ್ಕಿಗೂ ಬೇರೆ ದರ್ಜೆ ಕೊಟ್ಟು ಕೇಳಬೇಕು.

ಬೆಳಗಿನ ಜಾವ ಮೂರಕ್ಕೆ ಹೊರಟ ವಿಮಾನದಲ್ಲಿ ದೀಪ ಆರುವುದು ಯಾವಾಗ ಅಂದುಕೊಂಡಿರಿ? ಮೇಲೇರಿದ ಮೇಲೆ ಬಿಸಿ ಟವೆಲ್, ಪಾನೀಯ, ಮೊದಲ ತಟ್ಟೆ, ಮುಖ್ಯ ಊಟ, ಚೀಸ್, ಸಿಹಿ. ಎಲ್ಲ ಮುಗಿಯುವ ಹೊತ್ತಿಗೆ ಒಂದೂವರೆ ಗಂಟೆ. ಇಳಿಯುವ ಎರಡು ಗಂಟೆ ಮುಂಚೆ ಮತ್ತೆ ತಿಂಡಿಗೆ ದೀಪ. ಹತ್ತು ಗಂಟೆಯಲ್ಲಿ ನಿದ್ದೆಗೆ ಉಳಿದದ್ದು ಆರು. ಹಾಸಿಗೆಗೆ ದುಡ್ಡು ಕೊಟ್ಟು ಊಟಕ್ಕೆ ಕಾಯುತ್ತ ಕೂರುವುದು ದಂಡ. ಎರಡನೇ ಟರ್ಮಿನಲ್ಲಿನ ಲೌಂಜಿನಲ್ಲೇ ಊಟ ಮುಗಿಸಿ, ಹತ್ತಿದ ಕೂಡಲೇ ಸಿಬ್ಬಂದಿಗೆ "ಊಟ ಬೇಡ, ತಿಂಡಿಗೂ ಎಬ್ಬಿಸಬೇಡಿ" ಅಂತ ಹೇಳಿಬಿಡಿ. ಸೀಟ್‌ಬೆಲ್ಟನ್ನು ಹೊದಿಕೆಯ ಮೇಲೆ ಕಾಣುವಂತೆ ಕಟ್ಟಿಕೊಳ್ಳಿ. ವಿಮಾನ ಅಲ್ಲಾಡಿದಾಗ ಬೆಲ್ಟ್ ನೋಡಲೆಂದು ತಟ್ಟಿ ಎಬ್ಬಿಸುವುದು ತಪ್ಪುತ್ತದೆ.

ಸಸ್ಯಾಹಾರಿಗಳ ಕಷ್ಟ ಬೇರೆಯೇ. ಮೆನುವಿನಲ್ಲಿರುವ ಸಸ್ಯಾಹಾರವೆಂದರೆ ಎಷ್ಟೋ ಸಲ ಚೀಸ್ ಸುರಿದ ಪಾಸ್ತಾ. ಅನ್ನ, ಪಲ್ಯದ ಬಗೆಯದು ಬೇಕಾದರೆ ಎವಿಎಂಎಲ್ ಎಂಬ ಸಂಕೇತ, ಮೊಟ್ಟೆ ಇರುವುದಿಲ್ಲ. ಈರುಳ್ಳಿ ಬೆಳ್ಳುಳ್ಳಿಯೂ ಬೇಡವೆಂದರೆ ವಿಜೆಎಂಎಲ್. ಹೊರಡುವ 24 ಗಂಟೆಗೆ ಮುಂಚೆ ಹೇಳಿರಬೇಕು. ಎಡವಟ್ಟಾಗುವುದು ಎರಡು ಕಡೆ: ಒಂದು, ದೊಡ್ಡ ಹಾರಾಟಕ್ಕೆ ಹಾಕಿ ಚಿಕ್ಕ ಹಾರಾಟಕ್ಕೆ ಹಾಕದೆ ಬಿಡುವುದು. ಎರಡು, ಏರ್‌ಲೈನ್ ಸಮಯ ಬದಲಿಸಿ ಟಿಕೆಟ್ ಮರುಬರೆದಾಗ ಊಟದ ಕೋರಿಕೆ ಸದ್ದಿಲ್ಲದೆ ಉದುರಿಹೋಗುವುದು, ಜೊತೆಗೆ ಆರಿಸಿದ ಸೀಟೂ. ಸಮಯ ಬದಲಾದ ಮೇಲ್ ಬಂದಾಗಲೆಲ್ಲ ಎರಡನ್ನೂ ತೆರೆದು ನೋಡಬೇಕು. ರುಚಿ ಸಪ್ಪೆ ಅನ್ನಿಸಿದರೆ ಅಡುಗೆಯವರನ್ನು ಪೂರ್ತಿ ಬೈಯಬೇಡಿ. ಒಣ ಗಾಳಿ, ತಗ್ಗಿದ ಒತ್ತಡದಲ್ಲಿ ಉಪ್ಪು ಸಿಹಿ ನಾಲಿಗೆಗೆ ಮಂದವಾಗುತ್ತವೆ. ಲುಫ್ತಾನ್ಸಾಗಾಗಿ ಜರ್ಮನಿಯ ಫ್ರೌನ್‌ಹೋಫರ್ ಸಂಸ್ಥೆ ಇದನ್ನು ಪರೀಕ್ಷಿಸಿಯೂ ನೋಡಿದೆ. ಲೌಂಜಿನಿಂದ ಒಂದು ಪೊಟ್ಟಣ ಉಪ್ಪಿನಕಾಯಿ ಸಿಕ್ಕರೆ ಜೇಬಿಗೆ ಹಾಕಿಕೊಂಡವರು ಜಾಣರು.

ಕೆಳಗಿನ ದರ್ಜೆಗೆ ದೂಡಿದರೆ

ಹಾಸಿಗೆಗೆ ದುಡ್ಡು ಕೊಟ್ಟಿದ್ದೀರಿ, ಸೀಟು ಕೆಟ್ಟಿದೆ ಅಥವಾ ಚಿಕ್ಕ ವಿಮಾನ ಬಂದಿದೆ, ಎಕಾನಮಿಗೆ ಹೋಗಿ ಅನ್ನುತ್ತಾರೆ. ಇಲ್ಲಿ ಯುರೋಪಿನ ಕಾನೂನು ನಿಮ್ಮ ಕಡೆಗಿದೆ. 2004ರ 261ನೇ ನಿಯಮದ ಹತ್ತನೇ ವಿಧಿಯಂತೆ ಏಳು ದಿನದೊಳಗೆ ಹಣ ಮರಳಿಸಬೇಕು: 1,500 ಕಿಲೋಮೀಟರ್ ವರೆಗೆ ಶೇ. 30, ಯುರೋಪಿನೊಳಗೆ ಅದಕ್ಕಿಂತ ದೂರವಾದರೆ ಶೇ. 50, ಬೆಂಗಳೂರು-ಫ್ರಾಂಕ್‌ಫರ್ಟ್‌ನಂಥ ದೂರಕ್ಕೆ ಶೇ. 75. ಬೆಂಗಳೂರಿನಿಂದ ಹೊರಟರೂ ವಿಮಾನ ಯುರೋಪಿಯನ್ ಒಕ್ಕೂಟದ ಏರ್‌ಲೈನಿನದಾದರೆ ಇದು ಅನ್ವಯ. ಬೇರೆ ದೇಶದ ಏರ್‌ಲೈನಿನಲ್ಲಿ ಅಲ್ಲಿಗೆ ಹೋಗುವಾಗ ಅನ್ವಯಿಸದು. ನಮ್ಮ ವಿಮಾನಯಾನ ನಿಯಂತ್ರಕ ಡಿಜಿಸಿಎ ಕೂಡ 2023ರ ಫೆಬ್ರವರಿಯಿಂದ ಅಂತರರಾಷ್ಟ್ರೀಯ ಹಾರಾಟಗಳಿಗೆ ಇದೇ 30, 50, 75ರ ಮೆಟ್ಟಿಲು ಇಟ್ಟಿದೆ.

ಶೇ. 75 ಅಂದರೆ ಇಡೀ ಟಿಕೆಟ್ಟಿನ ಮೇಲಲ್ಲ. ಯುರೋಪಿನ ನ್ಯಾಯಾಲಯ 2016ರಲ್ಲಿ ಸ್ಪಷ್ಟ ಮಾಡಿದ ಪ್ರಕಾರ ದರ್ಜೆ ತಗ್ಗಿದ ಹಾರಾಟದ ಪಾಲಿನ ಮೇಲೆ ಮಾತ್ರ, ಟಿಕೆಟ್ಟಿನಲ್ಲಿ ಬಿಡಿಸಿ ಬರೆಯದಿದ್ದರೆ ದೂರದ ಅನುಪಾತದಲ್ಲಿ. ಲಿಸ್ಬನ್ ಟಿಕೆಟ್ಟನ್ನೇ ತೆಗೆದುಕೊಳ್ಳಿ. ಬೆಂಗಳೂರು-ಫ್ರಾಂಕ್‌ಫರ್ಟ್ ಸುಮಾರು 7,400 ಕಿಲೋಮೀಟರ್, ಅಲ್ಲಿಂದ ಲಿಸ್ಬನ್ ಸುಮಾರು 1,870. ಹೋಗುವ ದಿಕ್ಕಿನ ಮೂಲ ದರ 2,000 ಯೂರೊ ಅಂತಿದ್ದರೆ ದೊಡ್ಡ ಹಾರಾಟದ ಪಾಲು ಹತ್ತಿರ ಹತ್ತಿರ 1,600, ಅದರ ಮುಕ್ಕಾಲು 1,200 ಯೂರೊ. ಗೇಟಿನಲ್ಲಿ ಕೈಗೆ ತುರುಕುವ ವೋಚರು ಇದಕ್ಕಿಂತ ಕಡಿಮೆಯಿದ್ದರೆ ಸಹಿ ಹಾಕಬೇಡಿ. ದರ್ಜೆ ತಗ್ಗಿಸಿದ್ದನ್ನು ಕಾಗದದಲ್ಲಿ ಬರೆಸಿಕೊಳ್ಳಿ, ಹಳೆಯ ಮತ್ತು ಹೊಸ ಬೋರ್ಡಿಂಗ್ ಪಾಸ್ ಎರಡನ್ನೂ ಇಟ್ಟುಕೊಳ್ಳಿ.

ಕಾನೂನಿಗೂ ಒಂದು ಕುರುಡು ಕಣ್ಣಿದೆ. ಬಾಗಿಲಿನ ಸೂಟ್ ನೋಡಿ ಬುಕ್ ಮಾಡಿದ್ದು, ಕೊನೆಗೆ ಬಂದದ್ದು ಜೋಡಿ ಪಾದಗಳ ಹಳೆಯ ಕ್ಯಾಬಿನ್. ಅದು ದರ್ಜೆ ತಗ್ಗಿಸಿದ್ದಲ್ಲ, ಬಿಸಿನೆಸ್ ಬಿಸಿನೆಸ್ಸೇ. ಬೇರೆ ದುಡ್ಡು ಕೊಟ್ಟು ಆರಿಸಿದ ಸೀಟು ಸಿಗದಿದ್ದರೆ ಆ ಶುಲ್ಕ ವಾಪಸ್ ಕೇಳಬಹುದು, ಅದಕ್ಕಿಂತ ಹೆಚ್ಚಿನದು ಅವರ ಮರ್ಜಿ. ತಡವಾದರೆ ಸಿಗುವ ಪರಿಹಾರಕ್ಕೂ ದರ್ಜೆಯ ಭೇದವಿಲ್ಲ: ಏರ್‌ಲೈನಿನ ಕಾರಣದಿಂದ ನಾಲ್ಕು ಗಂಟೆಗೂ ಹೆಚ್ಚು ತಡವಾಗಿ ಮುಟ್ಟಿದರೆ ಈ ದೂರಕ್ಕೆ 600 ಯೂರೊ, ಕೊನೆಯ ಸಾಲಿನವರಿಗೂ ಅಷ್ಟೇ, ಮೊದಲ ಸಾಲಿನವರಿಗೂ ಅಷ್ಟೇ.

ಕೊನೆಗೆ ಆ ಖಾಲಿ ಸೀಟು

ಇಷ್ಟಾದ ಮೇಲೆ, ಲಿಸ್ಬನ್ ಹಂತಕ್ಕೆ ಎಕಾನಮಿ ಸಾಕು, ದೊಡ್ಡ ಹಾರಾಟ ಮಾತ್ರ ಬಿಸಿನೆಸ್ ಇರಲಿ ಅಂತ ಲೆಕ್ಕ ಹಾಕುವುದು ಸಹಜ. ಮಾಡಿ ನೋಡಿದರೆ ಉಳಿತಾಯ ಎಷ್ಟೋ ಸಲ ಸೊನ್ನೆ. ಏಕೆಂದರೆ ಬೆಂಗಳೂರು-ಲಿಸ್ಬನ್ ದರವನ್ನು ಕಟ್ಟುವುದು ಎರಡು ಹಾರಾಟಗಳ ಬೆಲೆ ಕೂಡಿ ಅಲ್ಲ, ಆ ಎರಡು ಊರುಗಳ ನಡುವೆ ಪ್ಯಾರಿಸ್, ದುಬೈ, ಇಸ್ತಾಂಬುಲ್ ಮೂಲಕ ಒಯ್ಯುವ ಪ್ರತಿಸ್ಪರ್ಧಿಗಳನ್ನು ನೋಡಿ. ಅದರಿಂದಾಗಿಯೇ ಫ್ರಾಂಕ್‌ಫರ್ಟ್‌ನಲ್ಲಿ ಇಳಿದುಬಿಡುವವರ ನೇರ ಟಿಕೆಟ್ಟಿಗಿಂತ ಲಿಸ್ಬನ್‌ಗೆ ಮುಂದುವರಿಯುವವರ ಟಿಕೆಟ್ ಅಗ್ಗವಾಗಿರುವುದುಂಟು. ಕೂಡು ಟಿಕೆಟ್ಟಿನಲ್ಲಿ ಆ ಖಾಲಿ ಸೀಟು ಹೆಚ್ಚು ಕಡಿಮೆ ಪುಕ್ಕಟೆ. ಬೆಲೆ ತೆರುವುದು ಬಿಡಿಯಾಗಿ ಕೊಂಡಾಗ, ಇಲ್ಲವೇ ಎಕಾನಮಿ ಟಿಕೆಟ್ ಇಟ್ಟುಕೊಂಡು ಅಪ್‌ಗ್ರೇಡಿಗೆ ಹರಾಜು ಕೂಗಿದಾಗ. ಹರಾಜಿನ ಪುಟ ಪ್ರತಿ ಹಾರಾಟಕ್ಕೂ ಬೇರೆ ಬೇರೆ ಬೆಲೆ ಕೇಳುತ್ತದೆ, ತಲೆಗೆ ಇಷ್ಟು ಅಂತ. ದೊಡ್ಡದರ ಬಿಡ್ ಸೋತು ಚಿಕ್ಕದರದು ಗೆದ್ದರೆ, ರಾತ್ರಿಯಿಡೀ ಕೂತು ಬಂದು ಲಿಸ್ಬನ್ನಿನ ಮೂರು ಗಂಟೆಗೆ ಪಕ್ಕದ ಸೀಟು ಖಾಲಿ ಇಟ್ಟುಕೊಳ್ಳುವ ಯೋಗ. ಬಿಡ್ ಹಾಕುವುದಾದರೆ ದೊಡ್ಡ ಹಾರಾಟಕ್ಕೆ ಮಾತ್ರ ಹಾಕಿ.

ಹುಡುಕುವ ತಾಣಗಳಲ್ಲಿ ಇದರ ತಿರುಗುಮುರುಗೂ ನಡೆಯುತ್ತದೆ. ನಂಬಲಾರದಷ್ಟು ಅಗ್ಗದ ಬಿಸಿನೆಸ್ ದರ ಕಂಡರೆ ವಿವರ ತೆರೆದು ಪ್ರತಿ ಹಾರಾಟದ ಎದುರಿನ ದರ್ಜೆ ಓದಿ. ಚಿಕ್ಕದು ಬಿಸಿನೆಸ್, ದೊಡ್ಡದು ಎಕಾನಮಿ ಎಂದು ಬೆರೆಸಿ, ಮೇಲೆ ಮಾತ್ರ ಬಿಸಿನೆಸ್ ಅಂತ ತೋರಿಸಿರುತ್ತಾರೆ.